ತಪ್ಪಿದ ಮತ, ತಪ್ಪಿದ ವ್ರತ

ವ್ರತವನ್ನು ಕೈಕೊಂಡವನು ಅದನ್ನು ಪಾಲಿಸಲಾಗದೆ ಹೋದಾಗ ಏನು ಮಾಡತಕ್ಕದ್ದು? ಈ ಪ್ರಶ್ನೆ ಶ್ರಾವಕನಿಗೆ ಹೇಗೋ ಜನತೆಯ ಹೊಣೆ ಹೊತ್ತವನಿಗೂ ಹಾಗೆಯೇ ಅನ್ವಯಿಸುತ್ತದೆ.

ಅಮೆರಿಕದ ಪ್ರತಿನಿಧಿಸಭೆಯಲ್ಲಿ ಒಂದು ರೂಢಿಯುಂಟು. ಮತದಾನದ ವೇಳೆ ಗೈರುಹಾಜರಾಗಿದ್ದ ಸದಸ್ಯನು ಅನಂತರ ಒಂದು ವಿವರಣೆಯನ್ನು ನಡಾವಳಿಗೆ ಸೇರಿಸಬಹುದು. ಯಾವ ಯಾವ ಕ್ರಮಾಂಕದ ಮತದಾನಗಳು ತಪ್ಪಿದುವು, ಹಾಜರಿದ್ದಿದ್ದರೆ ಯಾವುದನ್ನು ಅನುಮೋದಿಸುತ್ತಿದ್ದನು, ಯಾವುದನ್ನು ವಿರೋಧಿಸುತ್ತಿದ್ದನು ಎಂಬುದು ಅದರಲ್ಲಿರುತ್ತದೆ. ಕೆಲವರು ಕಾಯಿಲೆ, ಮನೆಯಲ್ಲಿ ಸಾವು ಮುಂತಾದ ಕಾರಣವನ್ನು ತಿಳಿಸುತ್ತಾರೆ. ‘ಅನಿವಾರ್ಯ’ವೆಂದಷ್ಟೇ ಹೇಳಿ ಮುಗಿಸುವವರೂ ಉಂಟು. ಈ ಹೇಳಿಕೆಯಿಂದ ಮತಗಳ ಎಣಿಕೆ ಮಾತ್ರ ಬದಲಾಗದು.

ಜಿನಧರ್ಮವು ಭಾವಕ್ಕೆ ಪ್ರಾಧಾನ್ಯ ಕೊಟ್ಟಿದೆ. ಆದರೆ ಭಾವದ ನೆಪದಿಂದ ಕ್ರಿಯೆಯನ್ನು ಬಿಡಗೊಟ್ಟಿಲ್ಲ. ಚತುರ್ದಶಿಯಂದು ಉಂಡವನು ‘ಆರೋಗ್ಯವಿದ್ದಿದ್ದರೆ ಉಪವಾಸ ಮಾಡುತ್ತಿದ್ದೆ’ ಎಂದರೆ ಅದು ಉಪವಾಸವಾಗದು. ಫಲಿತಾಂಶ ತಿಳಿದ ಮೇಲೆ ಹೇಳುವ ಅಭಿಪ್ರಾಯಕ್ಕಂತೂ ಯಾವ ಬೆಲೆಯನ್ನೂ ತೆರಬೇಕಾಗಿಲ್ಲ.

ಹಾಗೆಂದು ಹೇಳಿಕೆ ವ್ಯರ್ಥವಲ್ಲ. ತತ್ತ್ವಾರ್ಥಸೂತ್ರವು 9 ಬಗೆಯ ಪ್ರಾಯಶ್ಚಿತ್ತಗಳಲ್ಲಿ ಆಲೋಚನೆಯನ್ನೇ ಮೊದಲು ಎಣಿಸಿದೆ. ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವುದೇ ಆಲೋಚನೆ. ಅದಕ್ಕೂ 10 ದೋಷಗಳನ್ನು ಹೇಳಿದೆ. ಸಣ್ಣ ತಪ್ಪನ್ನು ಹೇಳಿ ದೊಡ್ಡದನ್ನು ಬಚ್ಚಿಡುವುದು ಅವುಗಳಲ್ಲೊಂದು. ಸುಲಭವಾದ ಹತ್ತು ಮತಗಳಿಗೆ ವಿವರಣೆಯಿತ್ತು, ಕಠಿಣವಾದ ಒಂದನ್ನು ಕುರಿತು ಮೌನವಹಿಸುವ ಸದಸ್ಯನಿಗೂ ಈ ಮಾತು ಸಲ್ಲುತ್ತದೆ.

ಗೈರುಹಾಜರಿಗಳೆಲ್ಲ ಸಮಾನವಲ್ಲ. ಸೆನೆಟ್ಟಿನ ಸದಸ್ಯೆ ಮಾರ್ಗರೆಟ್ ಚೇಸ್ ಸ್ಮಿತ್ ಅವರು 1955ರಿಂದ 1968ರವರೆಗೆ ಒಂದನ್ನೂ ಬಿಡದೆ 2,941 ಮತದಾನಗಳಲ್ಲಿ ಪಾಲ್ಗೊಂಡಿದ್ದರು. ಸೊಂಟದ ಶಸ್ತ್ರಚಿಕಿತ್ಸೆಯಿಂದ ಆ ಸರಣಿ ಕಡಿಯಿತು. ಅವರಲ್ಲಿ ನಿಷ್ಠೆ ಕುಂದಿತೆಂದು ಯಾರು ಹೇಳಿಯಾರು? ಪ್ರೋಷಧೋಪವಾಸದ 5 ಅತಿಚಾರಗಳಲ್ಲಿ ಅನಾದರವೂ ಸ್ಮೃತ್ಯನುಪಸ್ಥಾನವೂ, ಎಂದರೆ ಉದಾಸೀನವೂ ಮರೆವೂ, ಸೇರಿವೆ. ದೇಹದ ಅಶಕ್ತಿ ಅಲ್ಲಿ ಸೇರಿಲ್ಲ. ಆದರೆ ಉದಾಸೀನವು ಅಶಕ್ತಿಯ ವೇಷ ಧರಿಸಿ ಬರುವುದುಂಟು. ಆ ವೇಷವನ್ನು ಗುರುತಿಸಬಲ್ಲವನು ವ್ರತಿಯೊಬ್ಬನೇ.

ಆದುದರಿಂದ ವ್ರತ ತಪ್ಪಿದ ಶ್ರಾವಕನು ‘ಮಾಡುತ್ತಿದ್ದೆ’ ಎಂಬ ಮಾತಿನಲ್ಲಿ ನೆಮ್ಮದಿ ಪಡೆಯದೆ ‘ಮಾಡಲಿಲ್ಲ, ಕಾರಣವಿದು’ ಎಂದು ಯಥಾವತ್ತಾಗಿ ನಿವೇದಿಸಲಿ. ಪ್ರತಿಕ್ರಮಣದಿಂದ ಹಿಂದಿನದನ್ನು ಶೋಧಿಸಿ, ಪ್ರತ್ಯಾಖ್ಯಾನದಿಂದ ಮುಂದಿನದಕ್ಕೆ ಅಣಿಯಾಗಲಿ. ಶಕ್ತಿಯನ್ನರಿತು ಕೈಕೊಂಡ ಕಿರಿದಾದ ನಿಯಮವೊಂದು ಬರಲಿರುವ ಅಷ್ಟಮಿಯಂದು ತಪ್ಪದೆ ನಡೆದರೆ, ಆ ನಿವೇದನೆ ಸಾರ್ಥಕವಾಗುವುದು.