ಹೊಸ್ತಿಲು ದಾಟಿದ ಮಾತು

ಟಿಕೋಟಾದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಅವಳ ಮಗನಿಗೆ ಹದಿನಾರು ವರ್ಷ. ಬುದ್ಧಿ ಮಾತ್ರ ಐದು ವರ್ಷದ ಕೂಸಿನದು. ಅಕಾಲದ ಮಳೆ ಬಂದು ದ್ರಾಕ್ಷಿ ಪಡ ಕೈಕೊಟ್ಟ ವರ್ಷ ಮನೆಯವರೆಲ್ಲ ಆ ನಷ್ಟವನ್ನು ಕಟ್ಟೆಯ ಮೇಲೆ ಕೂತು ಹೇಳಿಕೊಂಡರು. ಮಗನ ಸಂಗತಿ ಮಾತ್ರ ಹೊಸ್ತಿಲೊಳಗೇ ಉಳಿಯಿತು. ಬೆಳೆ ಹೋದರೆ ತಪ್ಪು ಮಳೆಯದು. ಮಗು ಹೀಗಾದರೆ ಜನ ತಾಯಿಯಲ್ಲಿ ತಪ್ಪು ಹುಡುಕುತ್ತಾರೆ.

ಅವಳು ಓಣಿಯ ಸ್ತ್ರೀಶಕ್ತಿ ಸಂಘದ ಸದಸ್ಯೆ. 2000ದಲ್ಲಿ ಆರಂಭವಾದ ಆ ಯೋಜನೆಯಿಂದ ನಮ್ಮ ಹೆಂಗಸರು ವಾರಕ್ಕೊಮ್ಮೆ ವೃತ್ತವಾಗಿ ಕೂಡ್ರುವುದನ್ನು ಕಲಿತರು. ಯಾರ ಸಾಲ ಎಷ್ಟು, ಯಾರ ಕಂತು ಬಾಕಿ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆದರೆ ಇವಳು ರಾತ್ರಿಯೆಲ್ಲ ಎಚ್ಚರಿರುವುದು ಯಾರಿಗೂ ಗೊತ್ತಿರಲಿಲ್ಲ.

“ಮನಿ ಮಾತು ಮನ್ಯಾಗ ಇರಬೇಕು” ಎನ್ನುತ್ತಿದ್ದರು ಅತ್ತೆ. ಅದನ್ನು ಹಳೆಯ ಕಾಲದ ಮೂಢತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಒಬ್ಬರ ಹಗುರಕ್ಕೆ ಇನ್ನೊಬ್ಬರ ಬಾಳು ಬೆಲೆ ತೆರಬೇಕೆ ಎಂಬ ಅತ್ತೆಯ ಪ್ರಶ್ನೆ ನಿಜವಾದದ್ದೇ.

ಮಗನ ಅಂಗವಿಕಲರ ಗುರುತಿನ ಚೀಟಿಗಾಗಿ ವಿಜಯಪುರಕ್ಕೆ ಬಂದ ದಿನ, ಸಾಲಿನಲ್ಲಿ ಬಬಲೇಶ್ವರದ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ನಿಂತಿದ್ದಳಂತೆ. “ರಾತ್ರಿ ನಿಮ್ಮ ಹುಡುಗ ಮಲಗತಾನೇನ್ರಿ ಅಕ್ಕಾರ? ನಮ್ಮಾಕಿ ಮೂರಕ್ಕ ಎದ್ದು ಕೂಡ್ರತಾಳ್ರಿ” ಎಂದಳಂತೆ. ಹದಿನಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಗೆಳತಿ ಅಲ್ಲೇ ಅತ್ತಳು. ಅಯ್ಯೋ ಪಾಪ ಎನ್ನುವವರು ಮೇಲೆ ನಿಂತು ಅನ್ನುತ್ತಾರೆ. ಈಕೆ ಮಗ್ಗುಲಲ್ಲಿ ನಿಂತು ಕೇಳಿದ್ದಳು.

ಈಗ ಅಂಥ ಆರು ತಾಯಂದಿರು ತಿಂಗಳಿಗೊಮ್ಮೆ ವಿಜಯಪುರದ ಒಬ್ಬರ ಮನೆಯಲ್ಲಿ ಸೇರುತ್ತಾರೆ. ನಾನೂ ಒಮ್ಮೊಮ್ಮೆ ಹೋಗಿ ಕೂಡ್ರುತ್ತೇನೆ. ಅತ್ತು ಎದ್ದುಹೋಗುವ ಕೂಟವಲ್ಲ ಅದು. ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆಂದು ಒಬ್ಬಳು ತಿಳಿಸಿದಳು. ಮನಸ್ಸು ತೀರಾ ಕುಸಿದಾಗ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆಂದು ಇನ್ನೊಬ್ಬಳು ಹೇಳಿದಳು. ‘ನಮ್ಮ ನಂತರ ಯಾರು?’ ಎಂಬುದು ಎಲ್ಲರ ಭಯ. ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದೆಂಬುದೂ ಅಲ್ಲೇ ತಿಳಿಯಿತು. ಆ ಅವಕಾಶ ಬಂದದ್ದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಿಂದ. ಆ ಕಾಯ್ದೆಗಾಗಿ ಒತ್ತಾಯಿಸಿದವರಲ್ಲಿ ಇಂಥ ಮಕ್ಕಳ ತಂದೆತಾಯಂದಿರೂ ಇದ್ದರು. ಅವರೂ ಬಾಯಿ ಮುಚ್ಚಿಕೊಂಡಿದ್ದರೆ?

ಆದರೂ ಒಂದು ದಿನ ಹೀಗಾಯಿತು. ಒಬ್ಬ ತಾಯಿ ಮಗಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡೇ ಅವಳ ತಿಂಗಳ ಮುಟ್ಟಿನ ಪಾಡನ್ನೆಲ್ಲ ವಿವರಿಸತೊಡಗಿದಳು. ಹುಡುಗಿಗೆ ಮಾತು ಬಾರದು. ಮೆಲ್ಲಗೆ ತಾಯಿಯ ಸೆರಗೆಳೆದು ತನ್ನ ಮುಖಕ್ಕೆ ಮುಚ್ಚಿಕೊಂಡಳು. ಮನೆ ತುಂಬ ಮೌನ. ನನ್ನ ಅನುಮಾನಗಳಿಗೆ ಉತ್ತರ ಕೊಟ್ಟವಳು ಆ ಹುಡುಗಿಯೇ. ನನ್ನ ದಣಿವು ನನ್ನದು, ಹೇಳಿಕೊಳ್ಳುವ ಹಕ್ಕು ನನಗಿದೆ. ಮಗುವಿನ ಮಾನ ಮಗುವಿನದು. ಹೆತ್ತ ಮಾತ್ರಕ್ಕೆ ಅದು ನನ್ನದಾಗುವುದಿಲ್ಲ. ಅಂದಿನಿಂದ ಅಲ್ಲಿ, ಮಗುವಿನ ಬಗ್ಗೆ ಏನನ್ನೇ ಹೇಳುವ ಮೊದಲು ಅದರ ಮುಖ ನೋಡುವುದು ರೂಢಿಯಾಗಿದೆ. ಕೇಳಿದ ಮಾತನ್ನು ಯಾರೂ ಹೊರಗೆ ಒಯ್ಯುವುದಿಲ್ಲ.

ಕಳೆದ ತಿಂಗಳು ಗೆಳತಿ ತನ್ನ ಓಣಿಯ ಸಂಘದಲ್ಲೂ ಮಗನ ಮಾತು ಎತ್ತಬೇಕೆಂದುಕೊಂಡಳು. ಮೊದಲು ಮಗಳನ್ನು ಕೇಳಿದಳು: “ಹೇಳಲೇನವಾ?”

“ಹೇಳಬೇ. ಮುಚ್ಚಿಟ್ಟು ಮಾಡಿದ ಮದುವಿ ಎಷ್ಟ ದಿನ ಬಾಳತೈತಿ?” ಎಂದಳು ಹುಡುಗಿ.

ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಂಡ ಅತ್ತೆ ಏನೂ ಅನ್ನಲಿಲ್ಲ. ಸಂಘದ ದಿನ ಮಾತ್ರ, “ನೀ ಹೋಗಿ ಬಾ. ಅವನ್ನ ನಾ ನೋಡಕೋತೀನಿ” ಎಂದರಂತೆ.