ಕ್ಷೀರಸಾಗರ ಭಟ್ಟನೂ ತಿಪ್ಪಣ್ಣನೂ

‘ಹೆಸರಿಗೆ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.’

ಈ ಗಾದೆ ಕೇಳದ ಕನ್ನಡಿಗರು ಕಡಿಮೆ. ಹೆಸರು ದೊಡ್ಡದು, ಮನೆ ಬರಿದು ಎಂದು ಅರ್ಥ ಹೇಳಿ ನಗುತ್ತೇವೆ, ಆಡಂಬರದವರನ್ನು ಚುಚ್ಚಲು ಬಳಸುತ್ತೇವೆ. ಗಾದೆಯೊಳಗೆ ಕೂತಿರುವ ಆ ಭಟ್ಟನ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಆ ಹೆಸರನ್ನು ಅವನೇ ಇಟ್ಟುಕೊಂಡನೇ? ತೊಟ್ಟಿಲಲ್ಲಿ ಮಲಗಿದ್ದಾಗ ಹಿರಿಯರು ಕಿವಿಯಲ್ಲಿ ಹೇಳಿದ ಹೆಸರು ಅದು. ಹೇಳಿದ ದಿನವೂ ಆ ಮನೆಯಲ್ಲಿ ಮಜ್ಜಿಗೆ ಇದ್ದಿರಲಾರದು. ಇಲ್ಲದ್ದರಿಂದಲೇ ಹಾಲಿನ ಕಡಲನ್ನು ಕೂಸಿನ ಹೆಸರಿನಲ್ಲಿ ಬೇಡಿಕೊಂಡರು ಎಂದು ನಾನು ಈ ಗಾದೆಯನ್ನು ಓದುತ್ತೇನೆ. ಹಾಗೆ ಓದಿದಾಗ ಮಜ್ಜಿಗೆಗೆ ಗತಿಯಿಲ್ಲದ್ದೇ ಆ ಹೆಸರಿಗೆ ಕಾರಣವಾಗುತ್ತದೆ. ನಗು ನಿಲ್ಲುತ್ತದೆ.

ಕಲಬುರಗಿ ಸೀಮೆಯಲ್ಲಿ ಈ ಗಾದೆಯನ್ನು ಬುಡಮೇಲು ಮಾಡುವ ಹೆಸರುಗಳೂ ಇವೆ. ಕೊಟ್ಟಿಗೆಯಲ್ಲಿ ಎಮ್ಮೆಗಳು, ಮನೆತುಂಬ ಹೈನ, ಯಜಮಾನನ ಹೆಸರು ಮಾತ್ರ ತಿಪ್ಪಣ್ಣ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಳ್ಳುವ ರೂಢಿಯಿತ್ತು. ಸಾವಿನ ಕಣ್ಣಿಗೆ ಅದು ಕಸವಾಗಿ ಕಾಣಲಿ, ಬಿಟ್ಟು ಮುಂದೆ ಹೋಗಲಿ ಎಂಬ ಆಸೆ. ಗಂಡಾದರೆ ತಿಪ್ಪಣ್ಣ, ಹೆಣ್ಣಾದರೆ ತಿಪ್ಪವ್ವ. ಕೂಸನ್ನು ಭಿಕ್ಷುಕನಿಗೋ ಫಕೀರನಿಗೋ ಕೊಟ್ಟಂತೆ ಮಾಡಿ, ಮೊರದಷ್ಟು ಜೋಳ ಹಾಕಿ ಮರಳಿ ಪಡೆದರೆ ತಿರಕಪ್ಪ, ಫಕೀರಪ್ಪ. ಗುಂಡಪ್ಪ, ಕಲ್ಲಪ್ಪ ಎಂದರೆ ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲಲಿ ಎಂದು. ಶಹಾಬಾದದ ಕಲ್ಲು ಹಾಸಿದ ಮನೆಗಳ ಈ ಜಿಲ್ಲೆಯಲ್ಲಿ ಕಲ್ಲಿನ ಗಟ್ಟಿತನವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಡಿವೆಪ್ಪ, ಹುಚ್ಚಪ್ಪ ಕೂಡ ಇದೇ ಸಾಲಿನವರು.

ಇಂಥ ಹೆಸರು ಕೇಳಿದಾಗ ಪಟ್ಟಣದವರು ತುಟಿಯಂಚಿನಲ್ಲಿ ನಗುವುದನ್ನು ಕಂಡಿದ್ದೇನೆ, ನನಗೆ ನೋವಾಗುತ್ತದೆ. ಸಿಡುಬು ಈ ದೇಶದಿಂದ ಹೋದದ್ದು 1975ರಲ್ಲಿ. ಅದಕ್ಕೂ ಹಿಂದೆ ಸಿಡುಬು, ಕಾಲರಾ, ಪ್ಲೇಗು, ಬರ ಇವೆಲ್ಲ ತೊಟ್ಟಿಲುಗಳನ್ನು ಬರಿದು ಮಾಡುತ್ತಿದ್ದ ಕಾಲ. ಡಾಕ್ಟರಿಲ್ಲ, ಲಸಿಕೆ ಊರಿಗೆ ಬಂದಿಲ್ಲ. ತಾಯಿಯ ಕೈಯಲ್ಲಿ ಉಳಿದಿದ್ದ ಒಂದೇ ಉಪಾಯ ಹೆಸರು. ತನ್ನ ಕೂಸಿಗೆ ತಾನೇ ಕೆಟ್ಟ ಹೆಸರಿಟ್ಟು, ಆಯುಷ್ಯವಿಡೀ ಅದೇ ಹೆಸರಿನಿಂದ ಕೂಗುವುದೆಂದರೆ ಸಣ್ಣ ಧೈರ್ಯವಲ್ಲ. ಲಸಿಕೆ ಮನೆಬಾಗಿಲಿಗೆ ಬಂದ ಮೇಲೆ ಹುಟ್ಟಿದವರಲ್ಲಿ ತಿಪ್ಪಣ್ಣಂದಿರು ಅಪರೂಪವಾದದ್ದು ಸಹಜವೇ.

ಎಲ್ಲ ಹೆಸರೂ ಹೀಗೆ ಭಯದಿಂದ ಹುಟ್ಟಲಿಲ್ಲ. ಹರಕೆಯಿಂದ ಹುಟ್ಟಿದ ಹೆಸರುಗಳದ್ದೇ ಇಲ್ಲಿ ದೊಡ್ಡ ಪಾಲು. ಕಲಬುರಗಿಯ ಶರಣಬಸವೇಶ್ವರರು (1746–1822) ದಾಸೋಹ ನಡೆಸಿದವರು. ಅವರಿಂದ ಮನೆಮನೆಗೆ ಶರಣಬಸಪ್ಪ ಬಂದ. ಗಾಣಗಾಪುರದ ದತ್ತನಿಂದ ದತ್ತಪ್ಪ, ಘತ್ತರಗಿಯ ತಾಯಿಯಿಂದ ಭಾಗ್ಯವಂತಿ, ಸನ್ನತಿಯಿಂದ ಚಂದ್ರಲಾಂಬಾ, ರಟಕಲ್ಲಿನ ರೇವಗ್ಗಿ ಗುಡ್ಡದಿಂದ ರೇವಣಸಿದ್ದಪ್ಪ, ರೇವಮ್ಮ. ತತ್ವಪದಕಾರ ಕಡಕೋಳದ ಮಡಿವಾಳಪ್ಪನ ಹೆಸರನ್ನು ಯಾವ ಜಾತಿಯವರಾದರೂ ಇಟ್ಟುಕೊಳ್ಳುತ್ತಾರೆ. ಒಂದು ಕಾಯಕದ ಹೆಸರು ಜಾತಿಯ ಗೋಡೆ ಹಾರಿ ಎಲ್ಲರ ತೊಟ್ಟಿಲಿಗೆ ಬಂದದ್ದನ್ನು ನಾನು ಈ ನೆಲದ ದೊಡ್ಡ ಸಾಧನೆ ಎಂದೇ ಎಣಿಸುತ್ತೇನೆ.

ಬಂದೇನವಾಜ್ ಎಂಬ ಹೆಸರನ್ನೇ ನೋಡಿ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಸೂಫಿ ಸಂತರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ದೀನರನ್ನು ಕಾಯುವವನೆಂದು ಜನ ಪ್ರೀತಿಯಿಂದ ಕರೆದದ್ದು ಬಂದೇನವಾಜ್. ಆ ಬಿರುದು ಇಲ್ಲಿ ಮಕ್ಕಳ ಹೆಸರಾಗಿದೆ. ದೂರದ ಊರಿನವರಿಗೆ ವಿಚಿತ್ರವೆನಿಸುವ ಹೆಸರು ನಮ್ಮ ಶಾಲೆಯ ಹಾಜರಿಯಲ್ಲಿ ಸಾಮಾನ್ಯ. ಸಾಯಬಣ್ಣ, ಸಾಹೇಬಗೌಡ, ಪೀರಪ್ಪ, ಹುಸೇನಪ್ಪ ಎಂಬವರು ಹಿಂದೂ ಮನೆಗಳಲ್ಲಿ ಹುಟ್ಟಿದವರು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ; ಅವನ ಹೆಸರೇ ಮೋನಪ್ಪ, ಮೋನಮ್ಮ ಎಂದಾಗಿದೆ. ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತರಾದ, 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಹೆಸರಿನ ನಡುವಿನ ಅಕ್ಷರ ಇದೇ ಮೋನಪ್ಪ. 1347ರಲ್ಲಿ ಈ ಊರನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನ ಹಸನನ ಬಗ್ಗೆ ಪರ್ಷಿಯನ್ ಚರಿತ್ರೆಕಾರ ಫರಿಷ್ತಾ ಒಂದು ಕತೆ ಬರೆದಿದ್ದಾನೆ: ಹಿಂದೆ ತನ್ನ ಒಡೆಯನಾಗಿದ್ದ ಗಂಗು ಎಂಬ ಬ್ರಾಹ್ಮಣನ ಹೆಸರನ್ನು ಹಸನ್ ತನ್ನ ಹೆಸರಿಗೆ ಸೇರಿಸಿಕೊಂಡನಂತೆ. ಈಗಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಆದರೂ ಅಂಥ ಕತೆಯನ್ನು ನಂಬಿ ಹೇಳಿಕೊಂಡು ಬಂದವರ ಮನಸ್ಸು ನನಗೆ ಹಿಡಿಸುತ್ತದೆ.

ಹುಮನಾಬಾದ ರಸ್ತೆ ಹಿಡಿದು ಕಮಲಾಪುರದ ಕಡೆ ಹೋದರೆ ಹೆಸರುಗಳ ದನಿಯೇ ಬದಲಾಗುತ್ತದೆ. ಸುತ್ತ ಲಂಬಾಣಿ ತಾಂಡಾಗಳು. ಸೋಮ್ಲಾ, ಹೋಮ್ಲಾ, ರೂಪ್ಲಾ ಎಂಬ ಅಜ್ಜಂದಿರು, ಘಮ್ಲಿಬಾಯಿ, ರುಕ್ಲಿಬಾಯಿ ಎಂಬ ಅಜ್ಜಿಯರು. ಕಮಲಾಪುರದ ಶಾಸಕರಾಗಿ, ಮುಂದೆ ಸಚಿವರೂ ಆದ ರೇವು ನಾಯಕ ಬೆಳಮಗಿ ಅವರಿಂದಾಗಿ ರೇವು ಎಂಬ ಎರಡಕ್ಷರದ ಹೆಸರು ವಿಧಾನಸಭೆಯಲ್ಲೂ ಕೇಳಿತು. ಮೊಮ್ಮಕ್ಕಳ ಕಾಲಕ್ಕೆ ಈ ಹೆಸರುಗಳು ಕರಗುತ್ತಿವೆ. ಶಾಲೆಗೆ ಸೇರಿಸುವಾಗ ‘ಇದೇನ್ ಹೆಸರ್ರೀ, ಛಲೋದ್ ಒಂದ್ ಬರಸ್ರಿ’ ಎಂದು ಯಾರೋ ಹೇಳುತ್ತಾರೆ, ತಂದೆ ತಲೆಯಾಡಿಸುತ್ತಾನೆ, ರೂಪ್ಲಾನ ಮೊಮ್ಮಗ ರಾಹುಲ ಆಗುತ್ತಾನೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಆ ಹೆಸರನ್ನು ಬೇರೆಯವರು ಕದಿಯುವಂತಿಲ್ಲ. ಅದೇ ಮಣ್ಣಿನ ಮನುಷ್ಯರ ಹೆಸರಿಗೆ ಅಂಥ ಕಾವಲು ಯಾರೂ ಕೊಡಲಿಲ್ಲ.

ಹಳೆಯದೆಲ್ಲ ಉಳಿಯಬೇಕೆಂದು ನಾನು ವಾದಿಸುತ್ತಿಲ್ಲ. ಸಾಲಾಗಿ ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದವಳಿಗೆ ‘ಇನ್ನು ಸಾಕು’ ಎಂಬರ್ಥದಲ್ಲಿ ಸಾಕವ್ವ ಎಂದು ಹೆಸರಿಟ್ಟ ಮನೆಗಳಿವೆ. ತಿಪ್ಪವ್ವ ಬದುಕಲಿ ಎಂದು ಇಟ್ಟ ಹೆಸರು. ಹೀಗೆ ಇಟ್ಟ ಸಾಕವ್ವ ಬೇಡವೆಂದು ಇಟ್ಟದ್ದು. ಮೊದಲನೆಯದಕ್ಕೆ ಕೈಮುಗಿಯಬಹುದು, ಎರಡನೆಯದನ್ನು ಸಮರ್ಥಿಸಲಾಗದು. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಸಾ’, ಅಂದರೆ ಬೇಡವಾದವಳು, ಎಂಬ ಹೆಸರು ಹೊತ್ತಿದ್ದ 200ಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಆಡಳಿತವೇ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟಿತು. ಅದು ಸರಿಯಾದ ಕೆಲಸ.

ಈಗಿನ ತಾಯ್ತಂದೆಯರು ಯಾರೂ ಇಟ್ಟಿರದ ಹೆಸರು ಬೇಕೆಂದು ಮೊಬೈಲಿನಲ್ಲಿ ಹುಡುಕುತ್ತಾರೆ. ಎಲ್ಲರೂ ಅದೇ ಪಟ್ಟಿಯಲ್ಲಿ ಹುಡುಕುವುದರಿಂದ ಒಂದೇ ಅಂಗನವಾಡಿಯಲ್ಲಿ ಮೂವರು ವಿಹಾನ್ ಕೂತಿರುತ್ತಾರೆ. ಆ ತಾಯ್ತಂದೆಯರ ಆಸೆಯೂ ಕ್ಷೀರಸಾಗರ ಭಟ್ಟನ ಹಿರಿಯರ ಆಸೆಯೇ, ಅದನ್ನು ಹಳಿಯಲಾರೆ. ಆದರೆ ಅಪರೂಪದ ಹೆಸರು ಬೇಕಾದವರು ದೂರ ಹೋಗಬೇಕಿಲ್ಲ. ರೇವು, ಚಂದ್ರಲಾ, ಅಂಬಾರಾಯ ಇವೆಲ್ಲ ನಮ್ಮ ಸೀಮೆ ದಾಟಿದರೆ ಅಪರೂಪವೇ. ಶರಣಬಸವೇಶ್ವರ ಸಂಸ್ಥಾನದಲ್ಲಿ ಎಂಟನೆಯ ಪೀಠಾಧಿಪತಿ ಶರಣಬಸಪ್ಪ ಅಪ್ಪ ಅವರು ಮಗನಿಗೆ ತಮ್ಮ ತಂದೆಯ ಹೆಸರನ್ನೇ ಇಟ್ಟರು: ದೊಡ್ಡಪ್ಪ ಅಪ್ಪ. ಹಿರಿಯರ ಹೆಸರನ್ನು ಕಿರಿಯರಿಗೆ ಇಡುವ ಆ ಪದ್ಧತಿ ಸಾಮಾನ್ಯ ಮನೆಗಳಿಗೂ ದಕ್ಕುವಂಥದು.

ಶಾಲೆಯಲ್ಲಿ ಹಾಜರಿ ಕೂಗುವ ಗುರುಗಳಲ್ಲಿ ನನ್ನದೊಂದು ಬಿನ್ನಹ. ತಿಪ್ಪಣ್ಣನ ಹೆಸರು ಕೂಗಿದಾಗ ತರಗತಿ ನಕ್ಕರೆ, ಒಂದು ನಿಮಿಷ ನಿಲ್ಲಿಸಿ ಆ ಹೆಸರಿನ ಕತೆ ಹೇಳಿ. ಮನೆಯಲ್ಲಿ ಅಜ್ಜ ಅಜ್ಜಿ ಇರುವವರು, ಅವರಿಗೆ ಆ ಹೆಸರು ಯಾಕೆ ಬಂತು, ಯಾರು ಇಟ್ಟರು ಎಂದು ಈ ವಾರವೇ ಕೇಳಿ, ಒಂದು ವಹಿಯಲ್ಲಿ ಬರೆದಿಡಿ.