ತಿಕ್ಕಿದ ಮೇಲೆ ಕಂಡ ಹೆಸರು

ಹಳೆಯ ಪಾತ್ರೆ ತಿಕ್ಕುವುದರಲ್ಲಿ ಧರ್ಮಾಧರ್ಮದ ಪ್ರಶ್ನೆ ಏನಿದ್ದೀತು ಎಂದು ಓದುಗರು ನಗಬಹುದು. ಹೋದ ಬೇಸಗೆಯವರೆಗೆ ನಾನೂ ನಗುತ್ತಿದ್ದೆ. ಹುಡುಗರಿಗೆ ವಚನ, ಷಟ್ಪದಿ ಹೇಳಿ ಸಂಬಳ ಎಣಿಸುವ ಕಾಲೇಜು ಮೇಷ್ಟರಿಗೆ ಕೈಕೆಲಸ ಅಷ್ಟಕ್ಕಷ್ಟೆ. ರಜೆಗೆಂದು ಗುಡ್ನಾಪುರದ ಮನೆಗೆ ಹೋದವನು ಹಳೆಯ ಪುಸ್ತಕಗಳಿಗಾಗಿ ಅಟ್ಟ ಹತ್ತಿದೆ. ಸಿಕ್ಕಿದ್ದು ಪುಸ್ತಕವಲ್ಲ, ಹಿತ್ತಾಳೆಯದೊಂದು ಕಾಫಿ ಫಿಲ್ಟರು.

ನನಗೆ ಆಶ್ಚರ್ಯವಾಯಿತು. ನಮ್ಮದು ಕಷಾಯದ ಮನೆ. ಬಂದವರಿಗೆ ಆಸರಿಗೆ ಎಂದರೆ ಕೊತ್ತಂಬರಿ, ಜೀರಿಗೆ, ಮೆಣಸಿನ ಕಷಾಯ, ಇಲ್ಲವೆ ಬೆಲ್ಲ ನೀರು. ಅಂಥ ಮನೆಗೆ ಈ ಫಿಲ್ಟರನ್ನು ತಂದ ಶೋಕಿಲಾಲ ಯಾರಿರಬಹುದು? ಯಾರೇ ಇರಲಿ, ಇದನ್ನು ಮತ್ತೆ ಬಳಕೆಗೆ ತಂದು ಮೈಸೂರಿನ ಮನೆಯಲ್ಲಿ ಇಡಬೇಕೆಂದು ನಿಶ್ಚಯಿಸಿದೆ.

ಮೇಲಿನ ಪಾತ್ರೆ ಕೆಳಗಿನದರ ಬಾಯಿಯಲ್ಲಿ ಕಚ್ಚಿಕೊಂಡಿತ್ತು. ಎಳೆದರೆ ಬರಲಿಲ್ಲ. ಕೆಳಗಿನ ಪಾತ್ರೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಮೇಲಿನದಕ್ಕೆ ತಣ್ಣೀರು ಸುರಿದೆ. ಹೊರಗಿನದು ಹಿಗ್ಗಿ, ಒಳಗಿನದು ಕುಗ್ಗಿ, ಎರಡೂ ಬಿಟ್ಟುಕೊಂಡವು. ತಳದ ಸಣ್ಣ ತೂತುಗಳಲ್ಲಿ ಹಳೆಯ ಕಾಫಿಯ ಜಿಡ್ಡು ಕಲ್ಲಾಗಿತ್ತು. ಅದನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಹಿಡಿಕಡ್ಡಿಯಿಂದ ಒಂದೊಂದನ್ನೇ ಚುಚ್ಚಿ ಬಿಡಿಸಿದೆ. ಒಳಗಿನ ಕಲಾಯಿ ಹೋಗಿತ್ತು. ಕಾಫಿಯಲ್ಲಿ ಹುಳಿಯ ಅಂಶವಿದೆ. ಬರಿಯ ಹಿತ್ತಾಳೆಗೆ ತಗಲಿದರೆ ತಾಮ್ರ ಬಿಡುತ್ತದೆ. ಕಲಾಯಿ ಹಾಕುವವರು ಈಗ ಅಪರೂಪ. ಶಿರಸಿಯಲ್ಲಿ ಹುಡುಕಿ ಒಬ್ಬರನ್ನು ಹಿಡಿದೆ. ಅವರು ಕಾದ ಪಾತ್ರೆಗೆ ನವಸಾಗರ ಎರಚಿ, ತವರ ತಾಗಿಸಿ, ಹತ್ತಿಯಿಂದ ಸವರಿ, ತೂತುಗಳು ಮುಚ್ಚದಂತೆ ಕೊಡವಿ ಕೊಟ್ಟರು. ತವರ 232 ಡಿಗ್ರಿಯಲ್ಲಿ ಕರಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಅವರಿಗೆ ಆ ಲೆಕ್ಕ ಬೇಕಿರಲಿಲ್ಲ, ಹೊಗೆಯ ಬಣ್ಣ ಸಾಕಿತ್ತು.

ಕೊನೆಗೆ ಉಳಿದದ್ದು ಹೊರಮೈ. ಹುಣಿಸೆಹುಳಿ, ಉಪ್ಪು, ಮೇಲೆ ಬೂದಿ. ಮೂರನೆಯ ದಿನ ಕಿಲುಬಿನ ಅಡಿಯಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರಗಳು ಎದ್ದವು. ಹಿಂದೆ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ ಮನೆಮನೆಗೂ ಇತ್ತಲ್ಲವೆ? ಆದರೆ ಈ ಹೆಸರು ನಮ್ಮ ಮನೆಯದಲ್ಲ. ಆ ಮನೆಯವರು ಇಂದಿಗೂ ಊರಿನಲ್ಲಿರುವುದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಆಯಿಯನ್ನು ಕೇಳಿದೆ. ಅವಳು ಅಡಿಕೆ ಹೋಳುಗಳಿಂದ ತಲೆಯೆತ್ತದೆ, "ಅದು ನಮ್ಮನೆದಲ್ಲ ತಮಾ. ಅಡವಿಟ್ಟಿದ್ದು," ಎಂದಳು.

ಕಥೆ ಚಿಕ್ಕದು. ಹೆಸರಿನವನು ಚಿಕ್ಕಮಗಳೂರ ಕಡೆಯ ಕಾಫಿ ತೋಟದಲ್ಲಿ ರೈಟರಾಗಿದ್ದು, ಫಿಲ್ಟರಿನೊಡನೆ ಕಾಫಿಯ ಚಟವನ್ನೂ ಊರಿಗೆ ತಂದವನು. ಇದ್ದದ್ದು ತುಂಡು ತೋಟ. ಒಂದು ಮಳೆಗಾಲ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿತು. ಅವನು ನಮ್ಮ ಅಜ್ಜನಲ್ಲಿಗೆ ಪಾತ್ರೆಗಳನ್ನು ಹೊತ್ತು ತಂದ. ಉಳಿದವನ್ನು ಬಿಡಿಸಿಕೊಂಡ, ಇದೊಂದು ಉಳಿಯಿತು. 1974ರಲ್ಲಿ ಆಯಿ ಮದುವೆಯಾಗಿ ಬಂದಾಗಲೇ ಅದು ಅಟ್ಟದಲ್ಲಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜ ಕೆಟ್ಟವರಲ್ಲ. ಕೊಟ್ಟ ಹಣ ಬರಲಿಲ್ಲ, ಒತ್ತೆ ಉಳಿಯಿತು, ಇದರಲ್ಲಿ ಮೋಸವೇನು? ಆದರೆ ನಮ್ಮ ರಾಜ್ಯದಲ್ಲಿ 1976ರಲ್ಲಿ ಋಣ ಪರಿಹಾರ ಕಾಯಿದೆ ಬಂತು. ಸಣ್ಣ ರೈತರ, ಭೂಹೀನ ಕೂಲಿಕಾರರ, ದುರ್ಬಲ ವರ್ಗದವರ ಹಳೆಯ ಸಾಲ ಮನ್ನಾ ಆಯಿತು. ಅವರು ಅಡವಿಟ್ಟ ಒಡವೆ, ಪಾತ್ರೆಗಳನ್ನು ಹಿಂದಿರುಗಿಸಬೇಕೆಂದೂ ಆಯಿತು. ಅವನು ಕೇಳಲು ಬರಲಿಲ್ಲ, ಸಂಕೋಚವೋ, ಅರಿಯದೆಯೋ. ನಮ್ಮವರೂ ಕೊಡಲು ಹೋಗಲಿಲ್ಲ. ಅಟ್ಟದ ಕತ್ತಲೆ ಇಬ್ಬರಿಗೂ ಅನುಕೂಲವಾಯಿತು. ಅಷ್ಟು ವರ್ಷ ಆ ಕಿಲುಬು ನಮ್ಮ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ನನ್ನ ಮನಸ್ಸು ವಕೀಲಿಕೆಗೆ ನಿಂತಿತು. ಬಿದ್ದು ಹಾಳಾಗುತ್ತಿದ್ದುದನ್ನು ಎತ್ತಿದವನು ನಾನು. ಬೆವರು ನನ್ನದು, ಕಲಾಯಿಯ ಹಣ ನನ್ನದು. ಮನುಷ್ಯ ತನ್ನ ದುಡಿಮೆಯನ್ನು ಬೆರೆಸಿದ ವಸ್ತು ಅವನದಾಗುತ್ತದೆ ಎಂದು 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ಜಾನ್ ಲಾಕ್ ವಾದಿಸಲಿಲ್ಲವೆ? ವಾದಿಸಿದ, ನಿಜ, ಆದರೆ ಯಾರದೂ ಅಲ್ಲದೆ ಎಲ್ಲರಿಗೂ ಸಮಾನವಾಗಿದ್ದ ಭೂಮಿ, ಕಾಡಿನ ಹಣ್ಣು, ಇವುಗಳ ಮಾತು ಅದು. ಹೆಸರು ಕೊರೆದ ಪಾತ್ರೆಗೆ ಅದು ಸಲ್ಲುವುದಾದರೆ ಕಲಾಯಿಯವರು ಊರಿನ ಪಾತ್ರೆಗಳಿಗೆಲ್ಲ ಒಡೆಯರಾಗಬೇಕು, ಅಗಸರು ನಮ್ಮೆಲ್ಲರ ಅಂಗಿಗಳಿಗೆ.

ಬೆಳಗ್ಗೆ ಎದ್ದು ಕೆರೆಯ ಕಡೆ ನಡೆದೆ. ಬನವಾಸಿಗೆ ಸಮೀಪದ ನಮ್ಮ ಊರಿನ ಹೆಸರು ವಿದ್ವಾಂಸರ ಬಾಯಲ್ಲಿ ಬರುವುದು ಕದಂಬ ರವಿವರ್ಮನ ಕಂಬದ ಶಾಸನದಿಂದ. ಅವನು ಕಾಮಜಿನಾಲಯ ಕಟ್ಟಿಸಿ ಭೂಮಿ ಬಿಟ್ಟದ್ದನ್ನು ಆ ಸಂಸ್ಕೃತ ಶಾಸನ ಹೇಳುತ್ತದೆ. ಹುಡುಗರನ್ನು ಕರೆತಂದು ಅದನ್ನು ತೋರಿಸಿ, ಯಾರು ಯಾರಿಗೆ ಏನು ಕೊಟ್ಟರೆಂಬುದನ್ನು ಅಕ್ಷರ ಬಿಡದೆ ಓದಬೇಕೆಂದು ಪಾಠ ಹೇಳಿದವನು ನಾನೇ. ಸಾವಿರದ ಐನೂರು ವರ್ಷದ ಕಲ್ಲಿನ ಅಕ್ಷರವನ್ನು ನಂಬಿ, ನನ್ನ ಕೈಯಲ್ಲೇ ಎದ್ದುಬಂದ ಹಿತ್ತಾಳೆಯ ಅಕ್ಷರವನ್ನು ನಂಬೆನೆನ್ನಲೆ?

ಕನ್ನಡದಲ್ಲಿ 'ಮರಳಿಸು' ಎಂಬ ಮಾತಿದೆ. ಮೊದಲಿನ ಸ್ಥಿತಿಗೆ ತರುವುದೂ ಮರಳಿಸುವುದೇ, ಒಡೆಯನಿಗೆ ಕೊಡುವುದೂ ಮರಳಿಸುವುದೇ. ಇಷ್ಟು ವರ್ಷ ಭಾಷೆ ಕಲಿಸಿದ ನಾನು ಮೊದಲ ಅರ್ಥವನ್ನಷ್ಟೇ ಮಾಡಿ ಕೆಲಸ ಮುಗಿಯಿತೆಂದುಕೊಂಡಿದ್ದೆ.

ಸಂಜೆ ಫಿಲ್ಟರನ್ನು ಚೀಲದಲ್ಲಿಟ್ಟು ಆ ಮನೆಗೆ ಹೋದೆ. ರೈಟರ ಸೊಸೆ ಇದ್ದಳು, ಎಂಬತ್ತರ ಮುದುಕಿ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ನಾಲಗೆಗೆ ಬರಲಿಲ್ಲ. "ಅಜ್ಜಿ, ಇದು ನಿಮ್ಮದು. ಎಂದೋ ಕೊಡಬೇಕಾಗಿತ್ತು," ಎಂದೆ. ಅವಳು ಕನ್ನಡಕ ತರಲು ಹೇಳಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಹೆಸರನ್ನು ಸವರಿದಳು. ಕೊನೆಯ ಅಕ್ಷರ ಸವೆದು ಮಸುಕಾಗಿತ್ತು.

"ಇದು ನೀನು ತಿಕ್ಕಿದ್ದಕ್ಕಾ ತಮ್ಮಾ, ನಮ್ಮತ್ತೆ ತಿಕ್ಕಿದ್ದಕ್ಕಾ?" ಎಂದು ಕೇಳಿದಳು.

ನಾನು ಉತ್ತರ ಹೇಳಲಾರದೆ ಹೋದೆ. ಹೊಳಪಿನ ಆಸೆಗೆ ಒಂದು ದಿನ ಹೆಚ್ಚಾಗಿಯೇ ತಿಕ್ಕಿದ್ದೆ. ಅವಳು ಉತ್ತರಕ್ಕೆ ಕಾಯಲೂ ಇಲ್ಲ. ಫಿಲ್ಟರನ್ನು ಒಳಗಿಟ್ಟು ಬಂದು, ಮನೆಯಲ್ಲಿ ಕಾಫಿಪುಡಿ ಇಲ್ಲವೆಂದು ಹೇಳಿ, ನನಗೊಂದು ಲೋಟ ಕಷಾಯ ಕೊಟ್ಟಳು.